ಎದೆಮಟ್ಟದ ಹಲಗೆ

ಗೋಣೆಪ್ಪ ಕಾಕಾ ಇಟಲಿಗೆ ಹೋಗಿ ಬಂದನೆಂಬ ಸುದ್ದಿ ಕೊಪ್ಪಳದಲ್ಲಿ ಎಲ್ಲರಿಗೂ ಗೊತ್ತಾಯಿತು. ಎಲ್ಲರಿಗೂ ಗೊತ್ತಾದ ಮೇಲೆ, ಕಡೆಗೆ, ಗೋಣೆಪ್ಪ ಕಾಕಾನಿಗೂ ಗೊತ್ತಾಯಿತು.

ತಪ್ಪೆಲ್ಲ ಟೊಪ್ಪಿಗೆಯದು. ಯುದ್ಧ ಮುಗಿದ ಮರುವರ್ಷ, ಬೀದಿನಾಯಿಗಳು ಕೂಡ ನೆರಳು ಬಿಟ್ಟು ಏಳದಂಥ ವೈಶಾಖದ ಬಿಸಿಲಿನಲ್ಲಿ, ಅವನು ನಾಲ್ಕು ವರ್ಷದ ಮೇಲೆ ರೈಲು ಇಳಿದ. ಕೈಯಲ್ಲಿ ತಗಡಿನ ಟ್ರಂಕು, ತಲೆಯ ಮೇಲೆ ಬೂದು ಬಣ್ಣದ ಉಣ್ಣೆಯ ಟೊಪ್ಪಿಗೆ. ವೈಶಾಖದಲ್ಲಿ ಕೊಪ್ಪಳದ ಸ್ಟೇಶನ್ನಿನಲ್ಲಿ ಉಣ್ಣೆ ತೊಟ್ಟು ನಿಲ್ಲುವವನಿಗೆ ತಲೆ ಕೆಟ್ಟಿರಬೇಕು, ಇಲ್ಲವೆ ಅವನು ಪರದೇಶದಿಂದ ಬಂದಿರಬೇಕು. ನಮ್ಮ ಮನೆತನದಲ್ಲಿ ಯಾರಿಗೂ ತಲೆ ಕೆಟ್ಟ ಇತಿಹಾಸವಿರಲಿಲ್ಲ. ಹಮಾಲರು ಟೊಪ್ಪಿಗೆ ಎಲ್ಲಿಯದೆಂದು ಕೇಳಿದರು. ಕಾಕಾ ಸತ್ಯವನ್ನೇ ಹೇಳಿದ, ಇಟಲಿಯದು ಎಂದು. ಆಮೇಲೆ ಜನ ಅವನನ್ನು ಎಲ್ಲವನ್ನೂ ಕೇಳಿದರು. ನೀನು ಅಲ್ಲಿಗೆ ಹೋಗಿದ್ದೆಯಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಟ ಕಾಕಾನಿಗೆ ಇರಲಿಲ್ಲ.

ಉಳಿದದ್ದನ್ನು ನಮ್ಮ ಅಜ್ಜಿ ಮುದುಕವ್ವ ನೋಡಿಕೊಂಡಳು. ಅವಳ ಕಥೆಗಳಲ್ಲಿ ತಾಮ್ರದ ತಳದ ಒಂದು ಹಡಗಿತ್ತು. ಏಳು ಸಮುದ್ರ ದಾಟುವ ರಾಜಕುಮಾರರೆಲ್ಲ ಅದರಲ್ಲೇ ಹೋಗುತ್ತಿದ್ದರು. ಬಾವಿಕಟ್ಟೆಯ ಹೆಂಗಸರು ಮಗ ಯಾವುದರಲ್ಲಿ ಹೋಗಿದ್ದನೆಂದು ವಿಚಾರಿಸಿದಾಗ, ಹಡಗು ಹೇಗೂ ಖಾಲಿಯಿತ್ತು, ಅಜ್ಜಿ ಕಾಕಾನನ್ನು ಹತ್ತಿಸಿಬಿಟ್ಟಳು. ಮೂರನೆಯ ಸಮುದ್ರದಲ್ಲಿ ಮೀನೊಂದು ಹಡಗಿನ ಜೊತೆ ಎಂಟು ದಿನ ಈಜಿತು ಎಂಬುದನ್ನೂ ಸೇರಿಸಿದಳು. ಕಾಕಾ ಟ್ರಂಕು ಬಿಚ್ಚಿ, ಮೈತೊಳೆದು, ರೊಟ್ಟಿ ತಿಂದು ಹೊರಗೆ ಬರುವ ಹೊತ್ತಿಗೆ ಏಳೂ ಸಮುದ್ರ ದಾಟಿ ಆಗಿತ್ತು.

ನಿಜ ಸಂಗತಿ ಹೀಗಿತ್ತು. ಕಾಕಾ ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರನ ಕೈಕೆಳಗೆ ಬೆಂಗಳೂರಿನ ಹತ್ತಿರ, ಇಟಲಿಯ ಯುದ್ಧಕೈದಿಗಳ ಶಿಬಿರದ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಹೋಗಿದ್ದ. ಅವನ ಎದುರಿಗೆ ಕೂತು ಹೆಚ್ಚುತ್ತಿದ್ದವನು ಪಾವ್ಲೊ ಎಂಬ ಕೈದಿ, ನಾಪೋಲಿ ಎಂಬ ಊರಿನ ಹಳೇ ಪೇಟೆಯವನು. ಉಣ್ಣೆಯ ಟೊಪ್ಪಿಗೆ ಅವನೇ ಕೊಟ್ಟದ್ದು. ಇಬ್ಬರ ನಡುವೆ ಹಿಂದೂಸ್ತಾನಿಯ ಇಪ್ಪತ್ತು ಶಬ್ದ, ಒಂದು ಇದ್ದಿಲ ಚೂರು, ಬೇಕಾದಷ್ಟು ಕಣ್ಣೀರು. ಪಾವ್ಲೊನಿಗೆ ತನ್ನ ದೇಶದ ರಾಜನ ಚಿಂತೆ ಇರಲಿಲ್ಲ, ಯುದ್ಧದ ಚಿಂತೆಯೂ ಇರಲಿಲ್ಲ. ಅವನಿಗಿದ್ದದ್ದು ತನ್ನ ಗಲ್ಲಿಯ ಮೂರು ಅಂಗಡಿಗಳ ಚಿಂತೆ. ದಿನಾ ಇದ್ದಿಲಿನಿಂದ ನೆಲದ ಮೇಲೆ ಆ ಗಲ್ಲಿಯನ್ನು ಬರೆಯುತ್ತಿದ್ದ. ಕಮಾನಿನ ಕೆಳಗಿನದು ಮೊದಲನೆಯದು, ಅದರ ಒಡೆಯನಿಗೆ ಒಂದು ಬಂಗಾರದ ಹಲ್ಲು. ಗುಡಿಯ ಹಿಂಬಾಗಿಲಿಗೆ ಎರಡನೆಯದು. ಗಂಟೆ ಬಾರಿಸುವವನು ಎರಡು ಗಂಟೆಗಳ ನಡುವೆ ಓಡಿ ಬಂದು ಕುಡಿದು ಹೋಗುವ ಅಂಗಡಿ. ಮೆಟ್ಟಿಲ ಮೇಲಿನ ಮೂರನೆಯದು ಒಬ್ಬ ವಿಧವೆಯದು. ಅಲ್ಲಿ ಕಾಫಿಬೀಜದ ಚೀಲದ ಮೇಲೆ ಬೆಕ್ಕು ಮಲಗುತ್ತದೆ, ಚೀಲ ಬೇಕಾದರೆ ಬೆಕ್ಕು ಏಳುವ ತನಕ ಕಾಯಬೇಕು. ಎಲ್ಲ ಕಡೆಗೂ ಎದೆಮಟ್ಟದ ಒಂದು ಹಲಗೆ. ಜನ ಅದಕ್ಕೆ ಮೊಳಕೈ ಊರಿ, ನಿಂತು, ಹಿತ್ತಾಳೆಯ ಹಣತೆಯಷ್ಟು ಕರೀ ಕಾಫಿಯನ್ನು ಎರಡು ಗುಟುಕಿಗೆ ಮುಗಿಸುತ್ತಾರೆ. ಪಾವ್ಲೊ ಮೊದಲನೆಯ ಅಂಗಡಿಯ ಗಿರಾಕಿ. ಅವನ ಅಪ್ಪ ಇಸ್ಪೀಟಿನ ಎಲೆಯಾಟದಲ್ಲಿ ಜಗಳಾಡಿದ್ದರಿಂದ ಎರಡನೆಯದಕ್ಕೆ ಅವರ ಮನೆಯವರು ಇಪ್ಪತ್ತು ವರ್ಷ ಕಾಲಿಟ್ಟಿರಲಿಲ್ಲ.

ಇಷ್ಟನ್ನು ಮೂರು ವರ್ಷ ದಿನಾ ಕೇಳಿದರೆ ಉಳ್ಳಾಗಡ್ಡಿಗೂ ಬಾಯಿಪಾಠವಾಗುತ್ತದೆ. ಹೀಗಾಗಿ ಗೋಣೆಪ್ಪ ಕಾಕಾನಿಗೆ ಇಟಲಿಯ ಬಗ್ಗೆ ಮೂರು ಅಂಗಡಿಗಳಷ್ಟು ಆಳವಾದ ಜ್ಞಾನವಿತ್ತು. ಅದರಾಚೆ ಏನೂ ಇರಲಿಲ್ಲ. ಅಲ್ಲಿ ಜೋಳ ಬೆಳೆಯುತ್ತಾರೇನೆಂದು ಕೇಳಿದರೆ, ಬೆಳೆದರೂ ಬೆಳೆಯಬಹುದು, ಆದರೆ ಮೆಟ್ಟಿಲ ಮೇಲಿನ ವಿಧವೆಯ ಅಂಗಡಿಯಲ್ಲಿ ಒಂದು ಬೆಕ್ಕು ಇದೆ, ಎಂದು ಶುರುಮಾಡುತ್ತಿದ್ದ. ರಾಜನ ಬಗ್ಗೆ ಕೇಳಿದರೂ ಉತ್ತರ ಬಂಗಾರದ ಹಲ್ಲಿನವನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಇದನ್ನೆಲ್ಲ ಅತ್ಯಂತ ಗಮನಕೊಟ್ಟು ಕೇಳಿದವನು ಅಂದಪ್ಪ. ಕೋಟೆಯ ಕಡೆಗೆ ರಸ್ತೆ ತಿರುಗುವಲ್ಲಿ, ಹಳೇ ಪೇಟೆಯ ಮೂಲೆಯಲ್ಲಿ ಅವನ ಚಹಾದಂಗಡಿ. ಒಂದು ಒಲೆ, ಕೂಡಲು ಬೇವಿನ ಕಟ್ಟಿಗೆಯ ಎರಡು ಬಾಕು, ಹೊಗೆ ಕುಡಿದು ಕಪ್ಪಾದ ಗೋಡೆ. ಇತ್ತೀಚೆಗೆ ಸ್ಟೇಶನ್ ಹತ್ತಿರ ಕನ್ನಡಿ, ಕುರ್ಚಿಗಳಿರುವ ಹೊಸ ಹೋಟೆಲು ಬಂದ ಮೇಲೆ ಅಂದಪ್ಪ ಮಂಕಾಗಿದ್ದ. ಆ ಹೋಟೆಲಿನಲ್ಲಿ ಇಲ್ಲದ್ದು ತನ್ನಲ್ಲಿ ಏನಾದರೂ ಇರಬೇಕು ಎಂದು ಅವನ ಜೀವ ಒದ್ದಾಡುತ್ತಿತ್ತು. ಇಟಲಿಯ ಹಲಗೆಯನ್ನು ಕೇಳಿದ್ದೇ ಅವನು ಬಡಿಗನನ್ನು ಕರೆಸಿದ. ಎತ್ತರ ಎಷ್ಟೆಂದರೆ ಕಾಕಾ, ಎದೆಮಟ್ಟ ಅಂದ. ಯಾರ ಎದೆಯೆಂಬ ಪ್ರಶ್ನೆ ಬಂತು. ಪ್ರಾಮಾಣಿಕನಾದ ಕಾಕಾ ಪಾವ್ಲೊನ ಎದೆ ತನಗೆ ಎಲ್ಲಿಗೆ ಬರುತ್ತಿತ್ತೆಂದು ನೆನೆದು ತನ್ನ ಗದ್ದದ ಹತ್ತಿರ ಕೈಯಿಟ್ಟು ತೋರಿಸಿದ. ಬಡಿಗ ಅಳತೆ ತಪ್ಪಲಿಲ್ಲ.

ಹೀಗೆ ಕೊಪ್ಪಳದ ಜನ ಗದ್ದವನ್ನು ಹಲಗೆಯ ಮೇಲಿಟ್ಟುಕೊಂಡು ಚಹಾ ಕುಡಿಯಲು ಕಲಿತರು. ಬಾಕುಗಳು ಹಿತ್ತಲಿಗೆ ಹೋದವು. ತೊಂದರೆಗಳಿದ್ದವು, ಇಲ್ಲವೆಂದಲ್ಲ. ನಮ್ಮಲ್ಲಿ ಒಂದು ಕಪ್ಪನ್ನು ಇಬ್ಬರು ಹಂಚಿಕೊಂಡು, ಕಪ್ಪಿನವನು ಕಪ್ಪಿನಲ್ಲಿ, ಬಸಿಯವನು ಬಸಿಯಲ್ಲಿ ಊದಿ ಕುಡಿಯುವುದು ಪದ್ಧತಿ. ಗದ್ದದ ಮಟ್ಟದಲ್ಲಿ ಬಸಿ ಊದಿದರೆ ಚಹಾ ಎದುರಿನವನ ಮೀಸೆಗೆ ಹೋಗುತ್ತಿತ್ತು. ಒಬ್ಬ ಮುದುಕ ಮೊದಲ ದಿನವೇ ಹಲಗೆಯ ಕೆಳಗೆ ನೆಲದ ಮೇಲೆ ಕೂತು, ಅದನ್ನು ಚಪ್ಪರವೆಂದು ತಿಳಿದು, ಇದು ಛಲೋ ಮಾಡಿದಿರಿ ಎಂದ. ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ನಮ್ಮೂರಲ್ಲಿ ಅಂಗಡಿಯ ಮುಂದೆ ನಿಂತು ಚಹಾ ಕುಡಿಯುವವರು ಯಾರೆಂಬುದು ಎಲ್ಲರಿಗೂ ಗೊತ್ತು. ಒಳಗೆ ಕೂಡ್ರಿಸಲು ಒಪ್ಪದವರನ್ನು ಹೊರಗೆ ನಿಲ್ಲಿಸಿ, ಬೇರೆ ಕಪ್ಪಿನಲ್ಲಿ ಎತ್ತಿ ಸುರಿಯುತ್ತಿದ್ದರು. ಈಗ ಎಲ್ಲರೂ ನಿಂತ ಮೇಲೆ ಯಾರು ನಿಂತವರು, ಯಾರನ್ನು ನಿಲ್ಲಿಸಿದ್ದು ಎಂಬ ಲೆಕ್ಕವೇ ಅಂದಪ್ಪನ ಕೈತಪ್ಪಿತು. ಕೆಲವರು ಗೊಣಗಿದರು. ಇಟಲಿಯಲ್ಲಿ ದೊರೆಗಳೂ ನಿಲ್ಲುತ್ತಾರೆ ಎಂದು ಅಂದಪ್ಪ ಬಾಯಿ ಮುಚ್ಚಿಸಿದ. ನಿನ್ನ ಬೀಗರು ಬಂದರೂ ನಿಲ್ಲಬೇಕೇನೆಂದು ಯಾರೋ ಕಾಕಾನನ್ನು ಚುಚ್ಚಿದಾಗ, ಕಾಕಾ ಉಣ್ಣೆಯ ಟೊಪ್ಪಿಗೆ ಸರಿಮಾಡಿಕೊಂಡು, ದೊರೆ ಬಂದರೂ ಅಷ್ಟೆ, ಬೀಗರು ಬಂದರೂ ಅಷ್ಟೆ ಎಂದುಬಿಟ್ಟ.

ಬೀಗರಾಗುವವರು ಆಗಲೇ ಗೊತ್ತಾಗಿದ್ದರು. ಕುಕನೂರಿನ ಕರಿಬಸಪ್ಪನವರ ಮಗಳು ಶಂಕ್ರಮ್ಮನನ್ನು ಕಾಕಾ ನೋಡಿ ಬಂದಿದ್ದ. ಹುಡುಗಿ ತಲೆ ತಗ್ಗಿಸಿ ಕೂತವಳು, ಹಿರಿಯರ ಮಾತು ಮುಗಿಯುವ ಹೊತ್ತಿಗೆ, ಒಂದೇ ಒಂದು ಪ್ರಶ್ನೆ ಕೇಳಿದಳಂತೆ:

"ಅಲ್ಲಿ ಹೆಣ್ಮಕ್ಕಳೂ ಅಂಗಡಿಗೆ ಬಂದು ಕುಡೀತಾರೇನ್ರಿ?"

ಕಾಕಾ, ಪಾವ್ಲೊನ ತಾಯಿ ದಿನಾ ಬೆಳಿಗ್ಗೆ ಹೋಗುತ್ತಾಳೆ, ಅವಳು ಬಾರದೆ ಬಂಗಾರದ ಹಲ್ಲಿನವನು ಒಲೆಯನ್ನೇ ಹೊತ್ತಿಸುವುದಿಲ್ಲ ಎಂದ. ಹುಡುಗಿ ತಲೆಯೆತ್ತಿ ನೋಡಿದಳು. ಅಂದಿನಿಂದ ಕಾಕಾನಿಗೆ ಲೋಕದಲ್ಲಿ ಬೇಕಾದದ್ದು ಒಂದೇ, ಶಂಕ್ರಮ್ಮ. ಮನೆ ನೋಡಲು ಕುಕನೂರಿನವರು ಬರುವುದೊಂದು ಬಾಕಿ ಇತ್ತು.

ಕರಿಬಸಪ್ಪನವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕೂಡುವ ಮನುಷ್ಯ. ಕುಕನೂರಿನ ಕಟ್ಟೆಯ ಮೇಲೆ ಅವರದೇ ಒಂದು ಜಾಗ, ಅದರ ಮೇಲೆ ಅವರದೇ ಒಂದು ಕಂಬಳಿ. ತಂಟೆ ತಕರಾರುಗಳನ್ನು ಅಲ್ಲಿ ಕೂತೇ ತೀರಿಸುತ್ತಿದ್ದರು. ಯಲಬುರ್ಗಿಯ ಒಂದು ಮದುವೆಯಲ್ಲಿ ಜಮಖಾನೆಯ ಅಂಚಿಗೆ ಕೂಡ್ರಿಸಿದರೆಂದು ಊಟ ಬಿಟ್ಟು ಎದ್ದು ಬಂದವರು. ಅಂಥವರು, ಮನೆ ನೋಡುವ ದಿನ, ನಮ್ಮ ಕಡೆಯ ಪದ್ಧತಿಯಂತೆ ಮೊದಲು ಗುರುತು ಹೇಳದೆ ಪೇಟೆಯಲ್ಲಿ ಹುಡುಗನ ನಡೆನುಡಿ ವಿಚಾರಿಸಲು ಹೊರಟರು. ಮನೆಯಲ್ಲಿ ಅಜ್ಜಿ ಮಿರ್ಚಿ ಕರಿಯಲು ಎಣ್ಣೆ ಕಾಯಿಸುತ್ತಿದ್ದಾಗ ಅವರ ಸವಾರಿ ಬಂಡಿ ನೇರವಾಗಿ ಅಂದಪ್ಪನ ಅಂಗಡಿಯ ಮುಂದೆ ನಿಂತಿತು.

"ಕುಂದ್ರಾಕ ಏನರ ಹಾಕ್ರಿ" ಎಂದರು ಕರಿಬಸಪ್ಪ.

"ಇಲ್ಲಿ ಕುಂದ್ರೂ ಪದ್ಧತಿ ಇಲ್ರಿ ಯಜಮಾನ್ರ. ನಿಂತ ಕುಡೀಬೇಕು."

"ಯಾರ ಮಾಡಿದ ಪದ್ಧತಿ ಇದು?"

"ನಮ್ಮ ಗೋಣೆಪ್ಪ ಇಟಲಿಯಿಂದ ತಂದಾನ್ರಿ. ಹೊರಗಿನವ್ರ ಮಾತ ಬಿಡ್ರಿ, ತನ್ನ ಬೀಗ್ರು ಬಂದ್ರೂ ನಿಂದ್ರಸ್ರಿ ಅಂತ ಹೇಳ್ಯಾನ."

ಕರಿಬಸಪ್ಪನವರು ಇದನ್ನು ಇನ್ನೊಮ್ಮೆ ಹೇಳಿಸಿದರು. ಅಂದಪ್ಪ ಅಭಿಮಾನದಿಂದ ಇನ್ನೊಮ್ಮೆ ಹೇಳಿದ. ಅವರ ಮುಖದ ಬಣ್ಣ ಕಂಡು ಹಲಗೆಯವರೆಲ್ಲ ಗದ್ದ ಎತ್ತಿ ಈಚೆಗೆ ಬಂದರು. ಬೀದಿಯವರು ಸೇರಿದರು. ಒಂದು ಗಳಿಗೆಯಲ್ಲಿ ಅಂಗಡಿಯ ಮುಂದೆ ಐವತ್ತು ಜನ ನಿಂತಿದ್ದರು.

ಆ ವರ್ಷಗಳಲ್ಲಿ ನಿಜಾಮರ ರಾಜ್ಯದ ಪೋಲೀಸರಿಗೆ ನಿಂತ ಜನ ಕಂಡರೆ ಆಗುತ್ತಿರಲಿಲ್ಲ. ನಾಲ್ಕು ಮಂದಿ ಒಂದು ಕಡೆ ನಿಂತರೆ ಸಭೆ, ಸಭೆಗೆ ಪರವಾನಗಿ ಬೇಕು. ಠಾಣೆಯ ಅಮೀನ ಸಾಹೇಬರು ಬಂದವರೇ ಕುದುರೆಯಿಂದಿಳಿದು ಎಲ್ಲರೂ ಕೂಡಿರೆಂದು ಗುಡುಗಿದರು. ಐವತ್ತು ಜನ ಗೋಧಿ ಕೊಯ್ದಂತೆ ಒಮ್ಮೆಲೇ ಧೂಳಿನಲ್ಲಿ ಕೂತರು. ಒಬ್ಬರು ಮಾತ್ರ ಕೂಡಲಿಲ್ಲ. ಬಂದಾಗಿನಿಂದ ಕೂಡಲು ಜಾಗ ಕೇಳುತ್ತಿದ್ದ ಆ ಒಬ್ಬರೇ ಮನುಷ್ಯ, ಬರೀ ನೆಲದ ಮೇಲೆ ತಾನು ಕೂಡುವವನಲ್ಲ ಎಂದು ನೆಟ್ಟಗೆ ನಿಂತುಬಿಟ್ಟರು. ಸಭೆಯ ನಾಯಕ ಯಾರೆಂದು ಹುಡುಕುವ ಶ್ರಮ ಅಮೀನರಿಗೆ ತಪ್ಪಿತು.

ಕರಿಬಸಪ್ಪನವರ ಹೆಸರು, ಊರು, ಯಾವ ಪಕ್ಷ ಎಂಬುದರ ವಿಚಾರಣೆ ಆರಂಭವಾಯಿತು. ಅಂದಪ್ಪ ಒಂದು ಕಪ್ಪು ಚಹಾ ತಂದು ಹಲಗೆಯ ಮೇಲಿಟ್ಟ. ಅಮೀನರು ಪೇಟೆಯ ಜನರ ಸಮಕ್ಕೆ ಎಲ್ಲೂ ಕೂಡುವವರಲ್ಲ. ಆರಡಿಯ ಆಳು. ಮಾತಿನ ನಡುವೆ ಮೊಳಕೈಯನ್ನು ಹಲಗೆಗೆ ಊರಿದರು. ಹಲಗೆ ಅವರ ಎದೆಗೆ ಸರಿಯಾಗಿ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಕೊಪ್ಪಳದ ಯಾವ ವಸ್ತುವೂ ಅವರ ಅಳತೆಗೆ ಒದಗಿರಲಿಲ್ಲವೆಂದು ಕಾಣುತ್ತದೆ. ಅವರ ಹೆಗಲು ಸಡಿಲಾಯಿತು, ಒಂದು ಕಾಲು ಇನ್ನೊಂದರ ಮೇಲೆ ಬಂತು. ಅರ್ಧ ಕಪ್ಪು ಮುಗಿಸಿ ತೀರ್ಪು ಕೊಟ್ಟರು:

"ಗೋಡಿ ಕಡೆ ಮಾರಿ ಮಾಡಿ ನಿಂತ್ರ ಅದು ಚಾ. ಮನಷ್ಯಾನ ಕಡೆ ಮಾರಿ ಮಾಡಿ ನಿಂತ್ರ ಅದು ಸಭಾ. ಎಲ್ಲಾರೂ ಗೋಡಿ ನೋಡ್ರಿ."

ಎಲ್ಲರೂ ಎದ್ದು ಗೋಡೆ ನೋಡಿದರು. ಕರಿಬಸಪ್ಪನವರನ್ನೂ ತಿರುಗಿಸಲಾಯಿತು. ಬೀಗರು ಇನ್ನೂ ಯಾಕೆ ಬರಲಿಲ್ಲವೆಂದು ಕಾಕಾ ಟೊಪ್ಪಿಗೆ ತೊಟ್ಟು ಹುಡುಕಿಕೊಂಡು ಬಂದಾಗ ಕಂಡದ್ದು ಹೊಗೆ ಹಿಡಿದ ಗೋಡೆಯನ್ನು ದಿಟ್ಟಿಸುತ್ತ ನಿಂತಿದ್ದ ತನ್ನ ಭಾವೀ ಮಾವನವರನ್ನು.

ಅಮೀನರು ಹೋದ ಮೇಲೆ ಕರಿಬಸಪ್ಪ ತಿರುಗಿದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಗೋಣೆಪ್ಪ, ನಾ ಹುಟ್ಟಿದಾಗಿಂದ ಯಾರ ಮುಂದೂ ನಿಂತಾಂವಲ್ಲ. ಇವತ್ತ ಚಾದಂಗಡ್ಯಾಗೂ ನಿಂತೆ, ಅಮೀನನ ಮುಂದೂ ನಿಂತೆ, ಗ್ವಾಡಿ ಮುಂದೂ ನಿಂತೆ. ಆ ದೇಶದಾಗ ಮರ್ಯಾದಸ್ಥರೂ ನಿಂತ ಕುಡೀತಾರ ಅಂತ ಕಣ್ಣಿಲೆ ಕಂಡಾಂವ ಇನ್ನೊಬ್ಬಾವ ಬಂದು ಹೇಳಲಿ. ಹೇಳಿದ್ರ ಇದು ಪದ್ಧತಿ, ಹುಡುಗೀನ ಕೊಡ್ತೀನಿ. ಇಲ್ಲಾಂದ್ರ ಇದು ಅವಮಾನ. ನೀ ಆ ಇಟಲಿಯಾಗ ಹೆಣ್ಣ ನೋಡ್ಕೊ. ಎಂಟ ದಿವಸ ಬಿಟ್ಟು ಬರ್ತೀನಿ."

ಸಾಕ್ಷಿ ಸಿಗಲು ಎಂಟು ದಿನ ಬೇಕಾಗಲಿಲ್ಲ. ಅಳವಂಡಿಯ ಜಿಲಾನಸಾಬ ನಿಜವಾದ ಸಿಪಾಯಿ, ನಿಜವಾದ ಇಟಲಿಯಲ್ಲಿ ನಿಜವಾಗಿ ಕಾದಿ ಬಂದವನು. ಅಂದಪ್ಪ ತಾನೇ ಹೋಗಿ ಅವನನ್ನು ಒಪ್ಪಿಸಿ ಬಂದ. ಊರೆಲ್ಲ ಹಿಗ್ಗಿತು. ಕಾಕಾ ಮಾತ್ರ ಹಿಗ್ಗಲಿಲ್ಲ. ಸಿಪಾಯಿ ಯಾವ ಹಡಗು, ಯಾವ ಪಲ್ಟನ್ನು ಎಂದು ಕೇಳಿದರೆ ಗತಿಯೇನು? ಹೋಗಿ ಕರಿಬಸಪ್ಪನವರಿಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆಂದು ಅಜ್ಜಿಯ ಮುಂದೆ ಕೂತ. ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಹಡಗ ಹತ್ತಸೂದು ನನಗ ಎಷ್ಟ ಕಷ್ಟ ಆತು ಅನ್ನೂದು ನಿನಗ ಗೊತ್ತೈತಿ? ಈಗ ನಡು ಸಮುದ್ರದಾಗ ಇಳೀತೀನಿ ಅಂತಿ."

"ಯವ್ವಾ, ನಾ ಗುಂತಕಲ್ಲ ದಾಟಿ ಹೋದಾವ, ಸಮುದ್ರ ದಾಟಿ ಅಲ್ಲ."

"ಸುಮ್ನ ಕುಂದ್ರು. ಹೆಣ್ಣ ಬರೂತನಾ ಯಾವ ರಾಜಕುಮಾರನೂ ಹಡಗ ಇಳದಿಲ್ಲ."

ಎಂಟನೆಯ ದಿನ ಅಂದಪ್ಪನ ಅಂಗಡಿಯಲ್ಲಿ ಜನ ಕಿಕ್ಕಿರಿದರು, ಅಮೀನರ ಅಪ್ಪಣೆಯಂತೆ ಎಲ್ಲರೂ ಗೋಡೆಯ ಕಡೆ ಮುಖಮಾಡಿ, ಕುತ್ತಿಗೆಯನ್ನು ಮಾತ್ರ ಹಿಂದಕ್ಕೆ ತಿರುಗಿಸಿಕೊಂಡು. ಅಜ್ಜಿ ನನ್ನ ಕೈ ಹಿಡಿದು ಅಂಗಡಿಯ ಪಕ್ಕದ ಜಗುಲಿ ಹತ್ತಿದಳು. ಕರಿಬಸಪ್ಪನವರು ಬಂಡಿಯಿಂದ ಇಳಿಯದೆ ಅದರಲ್ಲೇ ಕಂಬಳಿ ಹಾಸಿಕೊಂಡು ಕೂತಿದ್ದರು, ಇನ್ನೊಮ್ಮೆ ನಿಲ್ಲುವ ಪ್ರಸಂಗವೇ ಬೇಡವೆಂದು. ಜಿಲಾನಸಾಬ ಬಂದ. ಸಣಕಲು ಮನುಷ್ಯ, ಎದೆಯ ಮೇಲೆ ಎರಡು ಪದಕ, ಮಾತು ಎಣಿಸಿದಷ್ಟೇ.

ಅಲ್ಲಿ ನಿಂತು ಕುಡಿಯುತ್ತಾರೇನು ಎಂದು ಕರಿಬಸಪ್ಪ ಬಂಡಿಯಿಂದ ಕೇಳಿದರು.

"ಕುಂತದ್ದ ನೆನಪಿಲ್ರಿ" ಎಂದ ಜಿಲಾನಸಾಬ. "ನಾ ಹೇಸರಗತ್ತಿ ಪಲ್ಟನ್ನದಾಗ ಇದ್ದೆ. ಗುಡ್ಡದ ಮ್ಯಾಲೆ ಮದ್ದು-ಗುಂಡು ಹೊರಸೂದು. ಹೇಸರಗತ್ತಿ ಎಲ್ಲಿ ನಿಂತು, ಅಲ್ಲೇ ನಾನೂ ನಿಂತೆ. ಚಾ ನಿಂತ, ಊಟ ನಿಂತ. ನಿದ್ದೀನೂ ನಿಂತ ಮಾಡೀನ್ರಿ."

"ಮರ್ಯಾದಸ್ಥರು?"

"ನಮ್ಮ ಕರ್ನಲ್ ಸಾಹೇಬ್ರೂ ನಿಂತ ಕುಡೀತಿದ್ರು. ಕುಂತ್ರ ಕೆಸರು."

ಗೋಡೆ ನೋಡುತ್ತಿದ್ದವರೆಲ್ಲ ಕರ್ನಲ್ ಎಂಬ ಶಬ್ದಕ್ಕೆ ತಲೆದೂಗಿದರು. ಕರಿಬಸಪ್ಪನವರ ಹುಬ್ಬು ಇಳಿಯಿತು. ಕರ್ನಲ್ ನಿಂತ ಮೇಲೆ ಕುಕನೂರು ನಿಂತದ್ದರಲ್ಲಿ ದೊಡ್ಡ ಹಾನಿ ಇಲ್ಲ ಎಂದು ಅವರ ಮನಸ್ಸು ಹೊರಳುವುದು ಎಲ್ಲರಿಗೂ ಕಾಣುತ್ತಿತ್ತು. ಅಷ್ಟರಲ್ಲಿ ಜಿಲಾನಸಾಬ ನಾಚುತ್ತ ಕಾಕಾನ ಹತ್ತಿರ ಬಂದ. ಬಂದರಿನಲ್ಲಿ ಇಳಿಸಿದ್ದೇ ತಮ್ಮನ್ನು ಮುಚ್ಚಿದ ಲಾರಿಯಲ್ಲಿ ತುಂಬಿ ಗುಡ್ಡಕ್ಕೆ ಒಯ್ದರು, ಮರಳುವಾಗಲೂ ಹಾಗೇ ತಂದರು ಎಂದ.

"ಎರಡ ವರ್ಷ ಇದ್ದು ಬಂದೆ, ಒಂದ ಊರ ನೋಡ್ಲಿಲ್ಲ. ಮನ್ಯಾಗ ಹುಡುಗ್ರು ಕೇಳ್ತಾರ, ಊರ ಹೆಂಗಿತ್ತು ಅಂತ. ಹೇಸರಗತ್ತಿ ಹೆಂಗಿತ್ತು ಅಂತ ಅಷ್ಟ ಹೇಳ್ತೀನಿ. ನೀವು ನಾಪೋಲಿ ನೋಡೀರಂತ. ನನಗೂ ಒಂದೀಟು ಹೇಳ್ರಲ್ಲ."

ಕಾಕಾ ಹೇಳಿದ. ಕಮಾನಿನ ಕೆಳಗಿನ ತಂಪು ಹೇಳಿದ. ಮೊದಲ ಕಪ್ಪು ಒಳಗೆ ಹೋಗುವ ತನಕ ಬಾಯಿ ಬಿಡದ ಬಂಗಾರದ ಹಲ್ಲಿನವನು, ಕಾಫಿಗಿಂತ ಮುಂಚೆ ಕೊಡುವ ಒಂದು ಗ್ಲಾಸು ನೀರು, ಗಂಟೆಯ ಹಗ್ಗ ಬಿಟ್ಟು ಓಡಿ ಬರುವವನ ಚಪ್ಪಲಿಯ ಸಪ್ಪಳ, ಬೆಕ್ಕು ಏಳಲೆಂದು ಕಾಯುವ ವಿಧವೆ. ಜಿಲಾನಸಾಬ ಕಣ್ಣು ಮುಚ್ಚಿಕೊಂಡು ಆ ಗಲ್ಲಿಯಲ್ಲಿ ನಡೆದ. ಹೋಗಿ ಬಂದವನು ಹೋಗದವನ ಬಾಯಿಂದ ಊರು ನೋಡುತ್ತಿದ್ದ. ಆ ಕಣ್ಣು ಮುಚ್ಚಿದ ಮುಖ ನೋಡುತ್ತ ಕಾಕಾನ ದನಿ ಸಣ್ಣದಾಗುತ್ತ ಬಂತು.

ಹೆಣ್ಣು ಕೊಟ್ಟೆ ಎಂದು ಕರಿಬಸಪ್ಪ ಬಾಯಿ ತೆರೆಯಬೇಕು, ಅಷ್ಟರಲ್ಲಿ ಟಪ್ಪಾಲಿನ ಹುಸೇನಬಾಷಾ ಬಂದು, ಗೋಣೆಪ್ಪ, ಅಂದಪ್ಪನ ಅಂಗಡಿ, ಕೊಪ್ಪಳ ಎಂಬ ವಿಳಾಸದ ಲಕೋಟೆ ಕೊಟ್ಟ. ಪರದೇಶದ ಅಂಚೆಚೀಟಿ. ಕಾಕಾ ಒಡೆದ. ಒಳಗೆ ಕಾಗದವಿರಲಿಲ್ಲ, ಒಂದು ಫೋಟೋ ಇತ್ತು. ಕಾಕಾನ ಮುಖ ಅರಳಿತು, ಮರುಗಳಿಗೆ ಬಾಡಿತು. ಅಂದಪ್ಪ ಅದನ್ನು ಕಸಿದುಕೊಂಡು, ಇಟಲಿಯಿಂದ ಪುರಾವೆ ಬಂತೆಂದು ಸಾರುತ್ತ, ತಾನು ನೋಡದೆ ಬಂಡಿಗೆ ಒಯ್ದುಕೊಟ್ಟ.

ಕರಿಬಸಪ್ಪನವರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇವ್ರು ಕುಂತಾರ" ಎಂದರು.

ಕಲ್ಲಿನ ಕಮಾನಿನ ಕೆಳಗೆ ಒಂದು ಅಂಗಡಿ. ಒಳಗೆ ಎತ್ತರದ ಹಲಗೆ ಖಾಲಿ ಬಿದ್ದಿದೆ. ಅಂಗಡಿಯ ಮುಂದೆ ಗಿಡ್ಡ ಬಾಕು. ಅದರ ಮೇಲೆ ಆರು ಜನ ಸಾಲಾಗಿ, ಕಾಲು ಮಡಚಿಕೊಂಡು, ಚಕ್ಕಳ ಮಕ್ಕಳ ಕೂತಿದ್ದಾರೆ. ಎಲ್ಲರ ಕೈಯಲ್ಲೂ ಬಸಿ. ಎಲ್ಲರ ಕೆನ್ನೆಯೂ ಊದುವುದಕ್ಕೆ ಉಬ್ಬಿದೆ. ಒಬ್ಬನ ತುಟಿಯ ಸಂದಿಯಲ್ಲಿ ಹೊಳೆಯುವ ಹಲ್ಲು. ನಟ್ಟನಡುವೆ, ಕರೀ ನಿಲುವಂಗಿ ತೊಟ್ಟ ಒಬ್ಬ ದಪ್ಪ ಮುದುಕಿ, ಕರಿಬಸಪ್ಪನವರಷ್ಟೇ ಗಟ್ಟಿಯಾಗಿ, ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದು ಕೂತಿದ್ದಾಳೆ.

ಜಿಲಾನಸಾಬ ಇಣುಕಿ ನೋಡಿ ಹಿಂದೆ ಸರಿದ. ಗುಡ್ಡದ ಮೇಲೆ ಮಾತ್ರ ನಿಲ್ಲುತ್ತಿರಬಹುದು ಎಂದು ಅಂದಪ್ಪ ದನಿ ತಗ್ಗಿಸಿ ಹೇಳಿದ. ಅಜ್ಜಿ ಜಗುಲಿಯಿಂದಲೇ, ಹಡಗಿನಲ್ಲಿ ಬಹಳ ದಿನ ನಿಂತು ಬಂದವರು ಆಮೇಲೆ ಕೂಡುವುದುಂಟು ಎಂದು ಕಥೆಗೆ ಒಂದು ತೇಪೆ ಹಚ್ಚಿ ನೋಡಿದಳು. ಯಾವುದೂ ನಿಲ್ಲಲಿಲ್ಲ. ಕರಿಬಸಪ್ಪನವರು ಬಂಡಿಯವನಿಗೆ ಎತ್ತು ಹೂಡಲು ಹೇಳಿದರು.

ಆಗ ಕಾಕಾ ಟೊಪ್ಪಿಗೆ ತೆಗೆದ. ಬಂದ ದಿನದಿಂದ ಊರಿನವರು ಯಾರೂ ಅವನ ತಲೆಗೂದಲು ನೋಡಿರಲಿಲ್ಲ.

"ಮಾವಾರ, ಹೋಗ್ರಿ, ಆದ್ರ ಖರೇ ಕೇಳಿ ಹೋಗ್ರಿ. ನಾ ಇಟಲಿಗೆ ಹೋಗಿಲ್ಲ. ಬೆಂಗಳೂರ ತನಾ ಅಷ್ಟ ಹೋಗೀನಿ. ಪಾವ್ಲೊ ಅಂತ ಒಬ್ಬ ಕೈದಿ ನನ್ನ ಮುಂದ ಕುಂತು ಉಳ್ಳಾಗಡ್ಡಿ ಹೆಚ್ಚತಿದ್ದ. ಅವ ತನ್ನ ಅಂಗಡಿ ಹೇಳ್ತಿದ್ದ, ನಾ ಕಲತೆ."

ಹಲಗೆಯ ಈ ತುದಿಯಿಂದ ಆ ತುದಿಗೆ ಒಂದು ನಿಟ್ಟುಸಿರು ಹಾಯ್ದುಹೋಯಿತು. ಕುತ್ತಿಗೆ ತಿರುಗಿಸಿ ನಿಂತಿದ್ದವರು ಈಗ ಅಮೀನರ ಹೆದರಿಕೆ ಮರೆತು ಪೂರ್ತಿ ತಿರುಗಿದರು. ಸಭೆ ಕಾಯಿದೆಯ ಪ್ರಕಾರ ಸಭೆಯಾಯಿತು.

ಕರಿಬಸಪ್ಪನವರು ಬಂಡಿಯವನನ್ನು ಕೈಸನ್ನೆಯಿಂದ ತಡೆದರು. ತೀರ್ಪು ಹೇಳಿ ಹೇಳಿ ರೂಢಿಯಿದ್ದ ಮನುಷ್ಯ; ಒಂದು ತಂಟೆ ಬಿಚ್ಚಿಕೊಂಡಾಗ ತುದಿ ಕಾಣದೆ ಏಳುವವರಲ್ಲ.

"ಅವ ಹೇಳ್ತಿದ್ದ, ನೀ ಕಲತಿ. ನೀ ಏನ ಹೇಳ್ತಿದ್ದಿ?"

"ನಾನೂ ನಮ್ಮ ಅಂಗಡೀನ ಹೇಳ್ತಿದ್ದೆ ರೀ. ಅಂದಪ್ಪನ ಅಂಗಡಿ. ಬಾಕಿನ ಮ್ಯಾಲೆ ಹೆಂಗ ಕುಂದರತೀವಿ, ಒಂದ ಕಪ್ಪ ಇಬ್ಬರು ಹೆಂಗ ಹಂಚಕೋತೀವಿ."

"ಬಸಿಯಾಗ ಊದೂದು?"

"ಅದೂ ನಾನ ಹೇಳಿದ್ದು. ನೀರ ಹಾಕಿ ಕಲಿಸೀನ್ರಿ. ನಡುವ ಕುಂತಾಕಿ ಪಾವ್ಲೊನ ತಾಯಿ, ಮಗ್ಗಲದಾಂವ ಪಾವ್ಲೊ."

"ಈ ಮ್ಯಾಲಿನ ಬೋರ್ಡಿನ ಮ್ಯಾಲೆ ಏನೈತಿ?"

ಅದನ್ನು ಯಾರೂ ಗಮನಿಸಿರಲಿಲ್ಲ. ಕಾಕಾ ಫೋಟೋ ತೆಗೆದುಕೊಂಡು ನೋಡಿದ. ಕಮಾನಿನ ಕೆಳಗೆ, ಅಂಗಡಿಯ ಬಾಗಿಲ ಮೇಲೆ ಒಂದು ತಗಡು. ಅದರ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ, ಮೊದಲ ಸಲ ಪಾಟಿ ಹಿಡಿದ ಮಗುವಿನಂತೆ ಸೊಟ್ಟಗೆ, ದಪ್ಪಗೆ, ಕನ್ನಡದಲ್ಲಿ ಬರೆದಿತ್ತು: ಅಂದಪ್ಪ.

ಕಾಕಾ ಓದಿ ಹೇಳಿದ. ಇದ್ದಿಲಿನಿಂದ ನೆಲದ ಮೇಲೆ ಬರೆಯಲು ತಾನು ಅವನಿಗೆ ಕಲಿಸಿದ ಮೂರೇ ಅಕ್ಷರ ಅವು ಎಂದ. ಅಂದಪ್ಪ ಚಹಾ ಸೋಸುವ ಬಟ್ಟೆಯಿಂದ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಕಂದು ಬಳಿದುಕೊಂಡ. ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ಕನ್ನಡಿ ಇರಬಹುದು, ಇದು ಇರಲಿಲ್ಲ.

ಕರಿಬಸಪ್ಪನವರು ಫೋಟೋವನ್ನು ಮರಳಿ ಇಸಿದುಕೊಂಡು, ಚಕ್ಕಳ ಮಕ್ಕಳ ಕೂತ ಆ ಆರು ಜನರನ್ನು ಒಬ್ಬೊಬ್ಬರಾಗಿ ನೋಡಿದರು. ಒಂದು ಸಮುದ್ರದಾಚೆಯ ಪೇಟೆ, ಹಿರಿಯರ ಕಾಲದಿಂದ ನಿಂತೇ ಇದ್ದದ್ದು, ಈಗ ಕೂತಿತ್ತು. ಕೂಡುವುದರ ಬೆಲೆ ಗೊತ್ತಿದ್ದ ಮನುಷ್ಯನಿಗೆ ಅದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಜಿಲಾನಸಾಬ ಹೋಗಿ ಬಂದ" ಎಂದರು. "ಸರಕಾರ ಕಳಸಿತ್ತು, ಹೋದ. ಇವ ಹೋಗಲಾರದ, ಉಳ್ಳಾಗಡ್ಡಿ ಹೆಚಗೋತ, ಅಷ್ಟ ದೂರದ ಮಂದೀನ ಇಲ್ಲಿಂದ ಕುಂದ್ರಿಸ್ಯಾನ. ಇಂಥಾ ಅಳಿಯಾ ನನಗ ಕುಕನೂರಾಗ ಸಿಗೂದಿಲ್ಲ."

ಆಮೇಲೆ, ಇನ್ನಾದರೂ ಕೂಡಲು ಏನಾದರೂ ಹಾಕುತ್ತೀರಾ ಎಂದು ಕೇಳಿದರು. ಹಿತ್ತಲಿನಿಂದ ಬಾಕು ಓಡಿ ಬಂತು. ಮೇಲಿದ್ದ ಕೋಳಿಯನ್ನು ಇಳಿಸುವಷ್ಟೂ ಯಾರಿಗೂ ವ್ಯವಧಾನವಿರಲಿಲ್ಲ. ಕರಿಬಸಪ್ಪನವರು ಕೂತರು. ಜಿಲಾನಸಾಬನನ್ನೂ ಪಕ್ಕಕ್ಕೆ ಕೂಡ್ರಿಸಿಕೊಂಡರು. ಅವನು ಬಹಳ ಹೊತ್ತು ಎದ್ದೇಳಲಿಲ್ಲ.

ಹಲಗೆಯನ್ನು ಮಾತ್ರ ಅಂದಪ್ಪನಿಗೆ ತೆಗೆಯಲಾಗಲಿಲ್ಲ. ಅಮೀನರು ದಿನಾ ಬಂದು ಮೊಳಕೈ ಊರುತ್ತಿದ್ದರು. ಜೊತೆಗೆ, ಹೊರಗೆ ನಿಲ್ಲುತ್ತಿದ್ದವರು ಅಷ್ಟು ದಿನದಲ್ಲಿ ಹಲಗೆಯ ತನಕ ಬಂದಿದ್ದರು. ಅವರನ್ನು ಹಿಂದಕ್ಕೆ ಕಳಿಸಲು ಅವನಿಗೆ ಹೇಳಿಕೊಳ್ಳುವಂಥ ಕಾರಣ ಸಿಗಲಿಲ್ಲ, ಹುಡುಕುವುದನ್ನೂ ಬರಬರುತ್ತ ಬಿಟ್ಟ.

ಮದುವೆಯಾದ ಹದಿನಾರನೆಯ ದಿನ ಶಂಕ್ರಮ್ಮ ಚಿಕ್ಕಮ್ಮ ಬೆಳಿಗ್ಗೆ ಸೆರಗು ಹೊದ್ದು, ಕಾಕಾನ ಹಿಂದೆ ಅಲ್ಲ, ಪಕ್ಕದಲ್ಲಿ ನಡೆದು ಅಂದಪ್ಪನ ಅಂಗಡಿಗೆ ಬಂದಳು. ಹಳೇ ಪೇಟೆಯಲ್ಲಿ ಅಂಗಡಿಗೆ ಚಹಾ ಕುಡಿಯಲು ಬಂದ ಮೊದಲ ಹೆಂಗಸು. ಗಂಡಸರೆಲ್ಲ ಅಪ್ಪಣೆ ಇಲ್ಲದೆಯೇ ಗೋಡೆ ನೋಡತೊಡಗಿದರು. ಅವಳು ಹಲಗೆ ನೋಡಿದಳು. ಅದು ಅವಳ ಹಣೆಗೆ ಬರುತ್ತಿತ್ತು. ಇದನ್ನು ಯಾರ ಅಳತೆಗೆ ಮಾಡಿದ್ದೆಂದು ಕೇಳಿದಳು. ಅಂದಪ್ಪ ಬಾಕು ಒರೆಸಿ ತೋರಿಸಿದ. ಬಾಕಿನ ನಟ್ಟನಡುವೆ, ಫೋಟೋದ ಮುದುಕಿ ಕೂತಂತೆಯೇ ಕೂತು, ಕಾಕಾನ ಕಪ್ಪಿನಿಂದ ಬಸಿಗೆ ಚಹಾ ಸುರಿಸಿಕೊಂಡು ಊದಿದಳು. ಎದುರಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ ತೂಗುತ್ತಿತ್ತು. ಅವಳು ಕುಡಿಯುತ್ತ ಅದನ್ನೇ ನೋಡುತ್ತಿದ್ದಳು. ಕಾಕಾ, ಏನಾದರೂ ಒಳ್ಳೆಯ ಮಾತು ಬರುತ್ತದೆಂದು ಕಾದ.

"ನಿಮ್ಮ ಪಾವ್ಲೊ ಬಸಿ ಎರಡೂ ಕೈಲೆ ಹಿಡದಾನ" ಎಂದಳು. "ಹಂಗ ಹಿಡದ್ರ ಕೈ ಸುಡತೈತಿ. ಮೂರ ಬೊಟ್ಟಿನ ಮ್ಯಾಲೆ ನಿಂದ್ರಸಬೇಕು. ಬರದ ಕಳಸ್ರಿ ಅವಗ. ಬರೇ ಅರ್ಧಾ ಕಲಿಸಿ ಕಳಸೀರಿ."

ಕಾಕಾ ಅಂದೇ ಸಂಜೆ ಇದ್ದಿಲು ತೆಗೆದುಕೊಂಡು ಕೂತ. ಬರೆದದ್ದು ಒಂದು ಕೈ, ಮೂರು ಬೆರಳು, ಅವುಗಳ ಮೇಲೆ ಒಂದು ಬಸಿ. ಕೆಳಗೆ, ನೋಡಿ ಬರೆಯಲು ಅನುಕೂಲವಾಗಲೆಂದು ದೊಡ್ಡದಾಗಿ, ಪಾವ್ಲೊನ ಮನೆಯವರು ಕಾಲಿಡದ ನಾಪೋಲಿಯ ಆ ಎರಡನೆಯ ಅಂಗಡಿಗೆ ಒಂದು ಹೊಸ ಹೆಸರನ್ನೂ ಕೊಟ್ಟ: ಶಂಕ್ರಮ್ಮ.